ಹಸಿರು ಚೀಟಿ, ಫೆಮಿಯ ಮೂಗು

ಬೆಳಗಿನ ಐದು ಗಂಟೆ. ಕ್ಯಾಲಿಫೋರ್ನಿಯಾದ ರೀಡ್ಲಿ ಊರಾಚೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಎವುಫೆಮಿಯಾ ಸರಗೋಸಾ, ಎಲ್ಲರ ಬಾಯಲ್ಲಿ ಫೆಮಿ, ಒಂದು ಪೀಚ್ ಹಣ್ಣು ಎತ್ತಿ ತೊಟ್ಟಿನ ಕುಳಿಗೆ ಮೂಗು ಒಡ್ಡುತ್ತಾರೆ. ಪೆಟ್ಟಿಗೆಯನ್ನು ಎಡಕ್ಕೆ ತಳ್ಳಿದರೆ ಇಂದೇ ಲಾರಿಗೆ. ಬಲಕ್ಕೆ ತಳ್ಳಿದರೆ ಎರಡು ದಿನ ತಣ್ಣನೆಯ ಕೋಣೆಗೆ. ಮಧ್ಯಾಹ್ನದೊಳಗೆ ನಾನೂರು ಪೆಟ್ಟಿಗೆ. ಹತ್ತೊಂಬತ್ತು ಬೇಸಿಗೆಯಿಂದ ಇದೇ ಕೆಲಸ. ನಮ್ಮೂರ ಪೀಚ್ ತಿಂದು ಬಾಯಿ ಚಪ್ಪರಿಸುವವರಿಗೆ ಈ ಮೂಗಿನ ಸುದ್ದಿಯೇ ಗೊತ್ತಿಲ್ಲ.

ಹಣ್ಣಿನ ನವಿರು ರೋಮಕ್ಕೆ ಫೆಮಿಯ ಕುತ್ತಿಗೆ ಕೆರೆದು ಕೆರೆದು ಕೆಂಪಾಗಿದೆ. ಶೀತ ಬಂದು ಮೂಗು ಕಟ್ಟಿದರೆ ಅಂದು ಸಂಬಳವಿಲ್ಲ. ಮೂಗು ಮಂದವಾಗದಿರಲೆಂದು ಹಂಗಾಮು ಮುಗಿಯುವವರೆಗೆ ಮೆಣಸಿನಕಾಯಿ ಮುಟ್ಟುವುದಿಲ್ಲ. ಮೆಕ್ಸಿಕೋದ ಮಿಚೊಆಕಾನಿನಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿರಲಾರದು.

ಈ ವರ್ಷ ಪ್ರತಿ ಪೆಟ್ಟಿಗೆಯೊಳಗೂ ಉಗುರಿನಗಲದ ಚೀಟಿ ಬಂದು ಕೂತಿದೆ. ಅದರ ಮೇಲೆ ಕಣ್ಣಿಗೆ ಕಾಣದ ನ್ಯಾನೊ ಕಣಗಳಿವೆಯಂತೆ. ಹಣ್ಣು ಬಿಡುವ ಗಾಳಿ ತಾಗಿ ಬಣ್ಣ ಬದಲಿಸುತ್ತವಂತೆ. ಚೀಟಿ ಕಂಪನಿಯವನು ‘ನ್ಯಾನೊ’ ಎಂದದ್ದು ಫೆಮಿಯ ಸ್ಪ್ಯಾನಿಶ್ ಕಿವಿಗೆ ‘ಎನಾನೊ’, ಅಂದರೆ ಕುಳ್ಳ, ಎಂದು ಕೇಳಿಸಿತು.

“ಚೀಟಿಯೊಳಗೆ ಕುಳ್ಳ ಕೂತು ಮೂಸ್ತಾನೆ ಅಂದ್ಕೊಂಡೆ,” ಅನ್ನುತ್ತಾರೆ. “ಈಗ್ಲೂ ಅದಕ್ಕಿಂತ ಹೆಚ್ಚೇನೂ ಗೊತ್ತಾಗಿಲ್ಲ ಬಿಡಿ.”

ಪಕ್ಕದಲ್ಲಿ ನಿಂತು ನೋಡುತ್ತಿರುವ ನನಗೂ ಅಷ್ಟೇ.

ಮೊದಲ ವಾರವೇ ಎಡವಟ್ಟಾಯಿತು. ಚೀಟಿಯ ಲೆಕ್ಕದಲ್ಲಿ ಹಸಿರು ಎಂದರೆ ಒಳ್ಳೆಯದು, ಕೆಂಪು ಎಂದರೆ ಕೆಡುತ್ತಿದೆ. ಪೀಚಿನ ಜನಕ್ಕೆ ಹಸಿರು ಎಂದರೆ ಕಾಯಿ, ಕೆಂಪು ಎಂದರೆ ಹಣ್ಣು. ಮೂಗು ಬಿಡಿ, ಚೀಟಿ ನೋಡಿ ಎಂದು ಕಚೇರಿಯವರು ಹೇಳಿದ್ದಕ್ಕೆ ಫೆಮಿ ಅರವತ್ತು ಕೆಂಪು ಪೆಟ್ಟಿಗೆಗಳನ್ನು ಲಾರಿಗೆ ಏರಿಸಿಬಿಟ್ಟರು. ಅಂದಿನಿಂದ ಕಚೇರಿಯ ಕಣ್ಣು ಅವರ ಮೇಲೆ. ಹಂಗಾಮಿನ ಕೊನೆಗೆ ಚೀಟಿಯೇ ಸಾಕು ಅನ್ನಿಸಿದರೆ ಮುಂದಿನ ಬೇಸಿಗೆ ಮೂಸುವವರು ಬೇಡ.

ಇವತ್ತು ಒಂದು ಪೆಟ್ಟಿಗೆಯ ಮುಂದೆ ಫೆಮಿ ತಡೆದು ನಿಲ್ಲುತ್ತಾರೆ. ಚೀಟಿ ಅಚ್ಚ ಹಸಿರು. ಮೇಸ್ತ್ರಿ ಇಲಾರಿಯೊ ಬರುತ್ತಾನೆ; ಅವನಿಗೆ ಇವರು ‘ದೋನ್ಯಾ’, ಅಂದರೆ ಅಮ್ಮಾವ್ರು.

“ಏನಾಯ್ತು ದೋನ್ಯಾ ಫೆಮಿ?”

“ಒಳಗೆ ಕೊಳೆತಿದೆ ಅನ್ಸುತ್ತಪ್ಪ.”

“ಹಸಿರಿದ್ಯಲ್ಲ. ಹಸಿರಂದ್ರೆ ಒಳ್ಳೇದು, ನೆನಪಿದೆ ತಾನೆ?”

“ಅಷ್ಟು ಮರೆವು ಬಂದಿಲ್ಲ. ನನ್ನ ಮೂಗೇ ಕೆಟ್ಟಿದ್ಯೋ ಏನೋ, ನೀನೇ ಕೊಯ್ದು ನೋಡು.”

ಅವನು ಕೊಯ್ಯುತ್ತಾನೆ. ಮೊದಲನೆಯದು ಚೊಕ್ಕ. ಎರಡನೆಯದೂ, ಐದನೆಯದೂ ಹಾಗೇ. ಫೆಮಿಯ ಮುಖ ಬಾಡುತ್ತದೆ. ಏಳನೆಯ ಹಣ್ಣಿನ ಬೀಜದ ಸುತ್ತ ಕಪ್ಪು ಬೂಷ್ಟು.

ಚೀಟಿ ಇನ್ನೂ ಹಸಿರೇ. ಒಂದು ಹಣ್ಣಿನ ಕೊಳೆತ ಅದಕ್ಕೆ ಸಾಲಲಿಲ್ಲವೋ, ಇನ್ನಷ್ಟು ಹೊತ್ತು ಬೇಕಿತ್ತೋ, ಇಲಾರಿಯೊಗೂ ತಿಳಿಯದು. ಪೆಟ್ಟಿಗೆ ತೆಗೆದಿಡಬೇಕಾದರೆ ಕಾರಣ ಬರೆಯಬೇಕು. ಅವನ ಹಾಳೆಯಲ್ಲಿ ಇರುವುದು ಎರಡೇ ಕಾಲಂ: ಹಸಿರು, ಕೆಂಪು.

“ಮೂಗಿಗೆ ಕಾಲಂ ಕೊಟ್ಟಿಲ್ವಲ್ಲ,” ಎಂದು ಗೊಣಗಿ ‘ಕೆಂಪು’ ಎಂದು ಗುರುತು ಹಾಕುತ್ತಾನೆ. ಕಚೇರಿಯವರು ಓದುವಾಗ ಈ ಪೆಟ್ಟಿಗೆಯನ್ನು ಹಿಡಿದದ್ದು ಚೀಟಿಯೇ ಆಗಿರುತ್ತದೆ.

ಕೋಪ ಬರುವುದಿಲ್ಲವೇ ಎಂದು ಕೇಳುತ್ತೇನೆ. ಫೆಮಿ ಮುಂದಿನ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

“ಯಾರ ಮೇಲೆ ಮಾಡ್ಕೊಳ್ಳಲಿ? ಚೀಟಿ ತಪ್ಪೋ, ನಾನು ಸರಿಯೋ, ಒಂದೂ ಬಗೆಹರೀತಿಲ್ಲ. ಆ ಚೀಟಿಗೆ ಏನೇನು ವಾಸ್ನೆ ಗೊತ್ತಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಸಾಕು. ಮಿಕ್ಕಿದ್ದನ್ನ ನಾನು ಮೂಸ್ತೀನಿ.”