ಅತ್ತಿಗೆಯ ಮೂರನೆಯ ಅಚ್ಚು

ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಅತ್ತಿಗೆ ಕನ್ನಡಿಯಂತೆ ಉಜ್ಜಿಟ್ಟಿದ್ದ ಉಕ್ಕಿನ ತುಂಡನ್ನು, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನಾನು ಅಂಗಿಯ ತುದಿಯಿಂದ ಒರೆಸಿದೆ. ಅಂಗಿಯ ಧೂಳಿಗೆ ಅದರ ಮೇಲೆಲ್ಲ ಗೀರು ಬಿತ್ತು.

“ಸುಮ್ನೆ ಕೂತ್ಕೋ ಅಂದಿದ್ದೆ ಕಣೋ,” ಎಂದು ಅವರು ಮತ್ತೆ ಉಜ್ಜಲು ಕೂತರು.

ಅತ್ತಿಗೆ ಕಾರ್ಖಾನೆಯ ಕುಲುಮೆಯಲ್ಲಿ ಉಕ್ಕನ್ನು ಕಾಯಿಸಿ ಹದ ಕೊಡುವವರು. ಅವರು ಹದ ಕೊಟ್ಟಿದ್ದ, ತಗಡು ಕತ್ತರಿಸುವ ಎರಡು ಅಚ್ಚುಗಳ ಅಂಚು ಬೇಗನೆ ಹಾಳಾಗಿತ್ತು. ಮೂರನೆಯದೂ ಕೈಕೊಟ್ಟರೆ ಹದದ ಕೆಲಸ ಹೊರಗಿನವರ ಪಾಲು, ಅತ್ತಿಗೆಯ ಕುಲುಮೆಗೆ ಬೀಗ ಎಂದಿದ್ದರು ಸಾಹೇಬರು.

ಸೂಕ್ಷ್ಮದರ್ಶಕದಲ್ಲಿ ಹಾಳಾದ ಅಚ್ಚುಗಳ ಹಳೆಯ ಉಕ್ಕನ್ನು ತೋರಿಸಿದರು. ಉಕ್ಕಿಗೆ ಗಡಸು ಕೊಡುವ ಗಟ್ಟಿ ಕಾರ್ಬೈಡ್ ಕಾಳುಗಳು ಅಲ್ಲಲ್ಲಿ ಗುಂಪುಗಟ್ಟಿದ್ದವು.

“ಗಟ್ಟಿ ಇದ್ರೆ ಒಳ್ಳೇದಲ್ವಾ, ಅತ್ತಿಗೆ?”

“ಗುಂಪಾಗಿದ್ರೆ ಅಂಚನ್ನೂ ಕಿತ್ಕೊಂಡು ಒಟ್ಟಿಗೇ ಎದ್ದು ಹೋಗ್ತಾವೆ. ನಿಮ್ಮ ಮನೆ ಜನರ ಹಾಗೇನೆ.”

ಅವರು ಹಟ ಹಿಡಿದು ತರಿಸಿದ್ದ ಹೊಸ ಉಕ್ಕಿನಲ್ಲಿ ಕಾಳುಗಳು ಸಣ್ಣಗೆ, ಎಲ್ಲೆಡೆ ಸಮನಾಗಿ ಹರಡಿದ್ದವು. ಮೂರನೆಯ ಅಚ್ಚು ಅದರದೇ.

ಕೆಲವು ವಾರ ಬಿಟ್ಟು ನಾನು ಮತ್ತೆ ಕಾರ್ಖಾನೆಗೆ ಹೋದಾಗ, ಅಚ್ಚಿನಿಂದ ತಗಡು ಕತ್ತರಿಸುವ ಪ್ರೆಸ್ ನಡೆಸುವವನು ಓಡಿ ಬಂದ. “ಅಕ್ಕಾ, ಅಂಚು ಇನ್ನೂ ಹೊಸದರ ಹಾಗೇ ಇದೆ! ಕುಲುಮೆ ಮುಚ್ಚೋ ಮಾತು ಬಿಟ್ರು ಸಾಹೇಬ್ರು!”

ನನಗೆ ಕುಣಿಯುವಷ್ಟು ಖುಷಿ. ಅತ್ತಿಗೆ ಟೀ ಲೋಟ ತೊಳೆಯುತ್ತಿದ್ದರು.

“ಈ ಅಚ್ಚು ಎಲ್ಲೀವರೆಗೆ ಬಾಳುತ್ತೆ, ಅತ್ತಿಗೆ?”

“ಸವೆಯೋವರೆಗೆ.”