ರೇಡಿಯೋಗ್ರಾಂ ಮೇಲೆ ಕೂತ ಗಣಪತಿ

ಕೋಥರೂಡಿನ ಮನೆಗೆ ನಾನು ಸೊಸೆಯಾಗಿ ಬಂದಾಗ ಹಾಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮಾವನವರ ರೇಡಿಯೋಗ್ರಾಂ. ತೇಗದ ಪೆಟ್ಟಿಗೆ, ಎದುರಿಗೆ ರೇಡಿಯೋ, ಮುಚ್ಚಳ ಎತ್ತಿದರೆ ಒಳಗೆ ರೆಕಾರ್ಡು ತಿರುಗುವ ತಟ್ಟೆ. ಅದನ್ನು ಒರೆಸುವ ಅರಿವೆಯನ್ನು ಕೂಡ ಬೇರೆಯವರು ಮುಟ್ಟುವ ಹಾಗಿರಲಿಲ್ಲ. "ಲಗ್ನದಾಗ ನನ್ನ ಕೈ ಸೈತ ಇಷ್ಟು ನಾಜೂಕ ಹಿಡದಿದ್ದಿಲ್ಲ ಇವರು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಪೆಟ್ಟಿಗೆಗೆ ಮಾವನವರಷ್ಟೇ ಭಕ್ತರಾದ ಇನ್ನೊಬ್ಬರಿದ್ದರು. ಶಿವಾಜಿನಗರದ ಕಚೇರಿಯಲ್ಲಿ ಮಾವನವರ ಪಕ್ಕದ ಕುರ್ಚಿಯಲ್ಲಿ ಕೂತು ನಿವೃತ್ತರಾಗಿ, ಹೆಂಡತಿಯ ಊರಾದ ಭೋರಿಗೆ ಹೋಗಿ ನೆಲೆಸಿದವರು. ನಮ್ಮ ಮನೆಯಲ್ಲಿ ಅವರ ಹೆಸರೇ ಭೋರಿನವರು. ಹರೆಯದಲ್ಲಿ ಅವರು ಯಾವುದೋ ಗಾಯಕಿಗೆ ಹಾರ್ಮೋನಿಯಂ ಪೇಟಿಯ ಸಾಥ್ ಕೊಟ್ಟಿದ್ದರು. ಅದು ರೆಕಾರ್ಡೂ ಆಗಿತ್ತು. ಹಾಡಿನ ನಡುವೆ ಗಾಯಕಿ ಉಸಿರು ತೆಗೆದುಕೊಳ್ಳುವಾಗ ಪೇಟಿಯೊಂದೇ ಮೂರು ಸುತ್ತು ಓಡಿಬರುತ್ತದೆ. ಅಷ್ಟೇ ಅವರ ಪಾಲು. ರೆಕಾರ್ಡಿನ ಮೇಲೆ ಅವರ ಹೆಸರಿಲ್ಲ, ಅವರ ಬಳಿ ಆ ರೆಕಾರ್ಡೂ ಇಲ್ಲ. ಇದ್ದದ್ದು ಮಾವನವರ ಬಳಿ ಮಾತ್ರ. ಹೀಗಾಗಿ ಪ್ರತಿವರ್ಷ ಗಣಪತಿ ಹಬ್ಬದ ಐದನೆಯ ದಿನ ಭೋರಿನಿಂದ ಬಸ್ಸು ಹತ್ತಿ ಬರುತ್ತಿದ್ದರು. ನೆಪ ದೇವರ ದರ್ಶನ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ನನ್ನ ಗಂಡ ಕಂಪ್ಯೂಟರು ತಂದು, ಗಣಪತಿ ಕೂಡುತ್ತಿದ್ದ ಮೇಜಿನ ಮೇಲೆಯೇ ಇಟ್ಟರು. ಹಬ್ಬ ಬಂತು, ದೇವರಿಗೆ ಜಾಗವಿಲ್ಲ. ಅತ್ತೆ ಹಾಲಿನ ಸುತ್ತ ಒಮ್ಮೆ ಕಣ್ಣಾಡಿಸಿ ರೇಡಿಯೋಗ್ರಾಂ ಕಡೆ ಬೆರಳು ತೋರಿಸಿದರು.

"ಅದರ ಮ್ಯಾಲ ಕೂತ್ರ ಮುಚ್ಚಳ ಎತ್ತೂದು ಹೆಂಗ?" ಎಂದರು ಮಾವ.

"ಎತ್ತೂದ ಬ್ಯಾಡ. ಮತ್ತ ಕೇಳ್ರಿ, ಈ ಸರ್ತೆ ಐದ ದಿನ ಅಲ್ಲ, ಹತ್ತು ದಿನ. ಸೊಸೈಟಿ ತುಂಬ ಎಲ್ಲಾರೂ ಹತ್ತು ದಿನ ಇಡ್ತಾರ. ನಮ್ಮ ದೇವರೇನು ಬಾಡಿಗಿ ಮನ್ಯಾಗ ಇದ್ದಾನೇನು, ಲಗೂನ ಗಂಟು ಕಟ್ಟಲಿಕ್ಕೆ?"

ಒಮ್ಮೆ ಕೂಡಿಸಿದ ಗಣಪತಿಯನ್ನು, ಕಳಿಸಿಕೊಡುವ ದಿನದ ಉತ್ತರಪೂಜೆ ಆಗುವ ತನಕ ಕದಲಿಸುವ ಹಾಗಿಲ್ಲ. ಭೋರಿನವರು ಬರುವುದು ಐದನೆಯ ದಿನ. ಮಾವನವರ ಮುಖ ನೋಡಲಾಗುತ್ತಿರಲಿಲ್ಲ.

ಆದರೆ ಆ ಪೆಟ್ಟಿಗೆಗೆ ಒಂದು ಹಿಕಮತ್ತಿತ್ತು. ನಡುವಿನ ಉದ್ದ ಕಡ್ಡಿಗೆ ರೆಕಾರ್ಡು ಸಿಕ್ಕಿಸಿ, ಒಳಗಿನ ಕೀಲು ಚಾಲೂ ಮಾಡಿ, ಗೋಡೆಯ ಸ್ವಿಚ್ಚನ್ನು ಬಂದ್ ಇಟ್ಟರೆ ಅದು ಹಾಗೆಯೇ ಕಾಯುತ್ತದೆ. ಸ್ವಿಚ್ಚು ಒತ್ತಿದಾಗ ರೆಕಾರ್ಡನ್ನು ತಾನೇ ಕೆಳಗಿಳಿಸಿಕೊಂಡು, ಮುಳ್ಳನ್ನು ತಾನೇ ಕೂಡಿಸಿ, ಹಾಡು ಮುಗಿದ ಮೇಲೆ ತಾನೇ ನಿಲ್ಲುತ್ತದೆ. ಒಮ್ಮೆ ಮಾತ್ರ. ಇನ್ನೊಮ್ಮೆ ಬೇಕೆಂದರೆ ಮುಚ್ಚಳ ಎತ್ತಲೇಬೇಕು. ಚೌತಿಯ ಮುಂಜಾನೆ ಅತ್ತೆ ಸ್ನಾನಕ್ಕೆ ಹೋದಾಗ ಮಾವ ಭೋರಿನವರ ರೆಕಾರ್ಡನ್ನು ಒಳಗೆ ತಯಾರು ಮಾಡಿಟ್ಟು ಮುಚ್ಚಳ ಹಾಕಿದರು. ಅದರ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ದೇವರು. ನನಗೆ ಕಣ್ಣು ಹೊಡೆದು, "ಐದನೇ ದಿನ ನೋಡವಾ ಮಜಾ" ಎಂದರು.

ಮಜಾ ಅಂದೇ ಸಂಜೆ ಬಂತು. ನನ್ನ ಗಂಡ ದೀಪದ ಮಾಲೆಯ ವೈರನ್ನು ರೇಡಿಯೋಗ್ರಾಂ ಇದ್ದ ಬೋರ್ಡಿಗೇ ಸಿಕ್ಕಿಸಿದ್ದರು. ಎರಡಕ್ಕೂ ಒಂದೇ ಸ್ವಿಚ್ಚು. ನೆರೆಮನೆಯವರೆಲ್ಲ ಸೇರಿ ಆರತಿ ಶುರುವಾಯಿತು, ದೀಪ ಹತ್ತಿತು. ಹಳೆಯ ಯಂತ್ರ ಬಿಸಿಯಾಗಲು ತುಸು ಹೊತ್ತು ಬೇಕಲ್ಲ, ಯಾರಿಗೂ ಗೊತ್ತಾಗಲಿಲ್ಲ. ಆರತಿ ಎರಡನೆಯ ನುಡಿಗೆ ಬಂದಾಗ ಗಣಪತಿಯ ಪೀಠದೊಳಗಿಂದ ಹೆಣ್ಣುದನಿಯೊಂದು ಆಲಾಪ ತೆಗೆಯಿತು.

"ಅಗಬಾಯಿ, ಬಾಪ್ಪಾ ಗಾತೋಯ್!" ಎಂದು ಕೆಳಗಿನ ಮನೆಯ ಮರಾಠಿ ಕಾಕೂ ಕೈಮುಗಿದರು. ದೇವರೇ ಹಾಡುತ್ತಿದ್ದಾನಂತೆ! ಮಾವ ಸ್ವಿಚ್ಚಿನತ್ತ ಕೈ ಚಾಚಿದರು. ಆದರೆ ಆರತಿಯ ನಡುವೆ ದೇವರ ಮುಂದಿನ ದೀಪ ಆರಿಸುವುದೇ? ಅತ್ತೆ ಒಂದು ನೋಟ ನೋಡಿದರು, ಚಾಚಿದ ಕೈ ಚಪ್ಪಾಳೆ ತಟ್ಟತೊಡಗಿತು. ಪೇಟಿ ತನ್ನ ಮೂರು ಸುತ್ತು ಓಡಿತು, ಹಾಡು ಮುಗಿಯಿತು, ಒಳಗೆ ಕಟಕ್ಕೆಂದಿತು. ಭೋರಿನವರ ಒಂದು ವರ್ಷದ ಹಾಡು ಅಲ್ಲಿಗೆ ಖರ್ಚಾಗಿಹೋಯಿತು.

ಪ್ರಸಾದ ಹಂಚಿ ಮಂದಿ ಹೋದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: "ದೇವರ ಬುಡಕ ಇನ್ನೂ ಏನೇನು ಇಟ್ಟೀರಿ?"

ಐದನೆಯ ದಿನ ಭೋರಿನವರು ಒಂದು ಚೀಲ ಅಂಬೆಮೋಹರ ಅಕ್ಕಿ ಹೊತ್ತು ಬಂದರು. ದೇವರು ಕೂತ ಜಾಗ ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಬಂದು ಕೈಮುಗಿದರು.

"ಯಾರಿಗೆ ಮುಗದಿ? ದೇವರಿಗೋ, ಪೆಟಗಿಗೋ?" ಎಂದರು ಮಾವ.

"ಇಬ್ಬರೂ ಒಂದ ಕಡೆ ಕೂತಾರಲ್ಲೋ, ಒಂದ ನಮಸ್ಕಾರದಾಗ ಮುಗೀತು. ನಂಗ ಬಸ್ಸಿನ ಖರ್ಚು ಉಳೀತು ನೋಡು, ಮುಂದಿನ ವರ್ಷ ಭೋರಿನಿಂದನ ಕೈ ಮುಗೀತೀನಿ."

ನಕ್ಕರು. ರೆಕಾರ್ಡಿನ ಮಾತೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಎಡಗೈ ಮಾತ್ರ ಮೊಣಕಾಲ ಮೇಲೆ ಸುಮ್ಮನಿರಲಿಲ್ಲ. ಬೆರಳುಗಳು ಓಡುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಅಲ್ಲಿಂದಲೇ ಓಡುತ್ತಿದ್ದವು. ಮೋದಕ ಬಡಿಸಲು ಬಗ್ಗಿದ ಅತ್ತೆ ಅದನ್ನು ನೋಡಿದರು. ತುಪ್ಪ ಹಾಕುವುದನ್ನು ಮರೆತು ಒಳಗೆ ಹೋದರು, ಮತ್ತೆ ಹೊರಗೆ ಬಂದರು.

"ಉತ್ತರಪೂಜಿ ತಯಾರಿ ಮಾಡ್ರಿ. ನಮ್ಮತ್ತಿ ಕಾಲದಿಂದ ನಮ್ಮ ಮನ್ಯಾಗ ಐದ ದಿನದ ಪದ್ಧತಿ ಅದ. ಹತ್ತು ದಿನ ಅಂತ ಯಾರು ಅಂದಾರ?"

ನಾವೆಲ್ಲ ಮಾವನವರ ಮುಖ ನೋಡಿದೆವು.

"ಯಾರೂ ಅಂದಿಲ್ಲ," ಎಂದರು ಮಾವ, ತಲೆ ಎತ್ತದೆ ಮೋದಕ ಮುರಿಯುತ್ತ. ಸಂಸಾರ ನಡೆಸಿ ಪಳಗಿದ ಗಂಡಸು.

ಪೂಜೆ ಮುಗಿಸಿ ಗಣಪತಿಯನ್ನು ಕಾಲುವೆಗೆ ಒಯ್ದೆವು. ತಾಳ ಬಾರಿಸುತ್ತ ಎಲ್ಲರಿಗಿಂತ ಮುಂದೆ ಹೊರಟವರು ಭೋರಿನವರೇ. "ದೇವರನ್ನ ಇಷ್ಟು ಅವಸರದಲೆ ಕಳಿಸೋ ಭಕ್ತನ್ನ ನಾ ಎಲ್ಲೂ ನೋಡಿಲ್ಲಪಾ" ಎಂದು ಮಾವ ದಾರಿಯುದ್ದಕ್ಕೂ ಕಾಡಿದರು.

ಮನೆಗೆ ಬಂದು ಮುಚ್ಚಳ ಎತ್ತಿದರೆ ಅಂಚಿನಿಂದ ಅಕ್ಷತೆ, ಗರಿಕೆ ಉದುರಿದವು. ಮಾವ ರೆಕಾರ್ಡು ಒರೆಸಿ ಹಚ್ಚಿದರು. ಪೇಟಿಯ ಸುತ್ತು ಬಂದಾಗ ಭೋರಿನವರು ಕಣ್ಣು ಮುಚ್ಚಿದರು. ಹಾಡು ಮುಗಿದ ಮೇಲೆ ಪ್ರತಿವರ್ಷದಂತೆ, "ಪೇಟಿಯವ ಛಲೋ ಬಾರಿಸ್ಯಾನ. ಯಾರೋ ಏನೋ" ಎಂದರು.

ಮಾವನೂ ಪ್ರತಿವರ್ಷದಂತೆ, "ಮೂರನೇ ಸುತ್ತಿನಾಗ ಒಂದು ಸ್ವರ ಜಾರ್ಯಾನ" ಎಂದರು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಏನೂ ಜಾರಿಲ್ಲ. ಅವತ್ತ ಆರತಿ ಗದ್ದಲದಾಗನೂ ಕೇಳೀನಿ. ಖಾತ್ರಿ ಇಲ್ಲಾಂದ್ರ ಮತ್ತೊಮ್ಮೆ ಹಚ್ಚರಿ."

ಮಾವ ಮತ್ತೊಮ್ಮೆ ಹಚ್ಚಿದರು. ಭೋರಿನ ಬಸ್ಸಿಗೆ ಹೊತ್ತಾಯಿತೆಂದು ಯಾರೂ ಹೇಳಲಿಲ್ಲ.