ಸೇಡಂಗೆ ಹೊರಟ ಪ್ರಸಾದ

ವಿಶಾಖಪಟ್ಟಣದ ಸಮುದ್ರದೆದುರಿನ ತನ್ನ ಫ್ಲ್ಯಾಟಿನಲ್ಲಿ, ಒಂಬತ್ತನೇ ಅಂತಸ್ತಿನ ಬಾಲ್ಕನಿಯಲ್ಲಿ ನಿಂತು ಒಬ್ಬ ಗಂಡಸು ಕಣ್ಣೊರೆಸಿಕೊಳ್ಳುತ್ತಿದ್ದ. ಅವನಿಗೆ ಬಂದ ಕಷ್ಟವೆಂದರೆ ಸೇಡಂಗೆ ವರ್ಗವಾದದ್ದು. ನನ್ನ ಊರಿಗೆ! ಬೀಳ್ಕೊಡಲು ಬಂದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಅವನ ಬೆನ್ನು ಸವರುತ್ತಿದ್ದರು.

ಅವನು ಪ್ರಸಾದ. ಸಿಮೆಂಟ್ ಕಂಪನಿಯ ಲ್ಯಾಬಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮೇಜು. ನಾನಿಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಹೆಂಡತಿ ಮಹಾದೇವಿ ಸೇಡಂನಲ್ಲಿ ಸರಕಾರಿ ಶಾಲೆಯ ಟೀಚರ್, ಮಗಳು ಅವಳ ಜೊತೆ. ಒಂಟಿ ಗಂಡಸಿಗೆ ಮನೆ ಕೊಡುವುದಿಲ್ಲ ಎಂದವರಿಗೆ ಮದುವೆಯ ಫೋಟೊ ತೋರಿಸಿ ಕೋಣೆ ಹಿಡಿದೆ. ತೆಲಂಗಾಣದ ಗಡಿಯ ಸೇಡಂನವನಿಗೆ ತೆಲುಗು ಬಾರದೇ ಎಂಬ ಜಂಬವೂ ಇತ್ತು. ಮೊದಲ ವಾರ ಮೆಸ್ಸಿನಲ್ಲಿ ನಮ್ಮ ಗಡಿಯ ತೆಲುಗಿನಲ್ಲೇ ಪುಂಟಿಕೂರ ಕೇಳಿದೆ, ಎಲ್ಲರೂ ನಕ್ಕರು. ನಮ್ಮ ಪುಂಡಿಪಲ್ಯಕ್ಕೆ ಇಲ್ಲಿ ಗೋಂಗೂರ ಎನ್ನುತ್ತಾರೆ. ಅಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ, ಇಲ್ಲಿ ಅನ್ನಕ್ಕೆ ಕಲಸುತ್ತಾರೆ. ಈಗ ತರಕಾರಿಯವಳು ನನ್ನನ್ನು ತಮ್ಮುಡು, ಅಂದರೆ ತಮ್ಮ, ಎಂದು ಕರೆಯುತ್ತಾಳೆ. ನಾಲ್ಕು ವರ್ಷದ ಗಳಿಕೆ ಅಷ್ಟೇ.

ಊರಿಗೆ ವರ್ಗ ಕೇಳಿ ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಪಾರ್ಟಿಯಲ್ಲಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದ ಮ್ಯಾನೇಜರು, ಆ ಜಾಗಕ್ಕೆ ಮೊದಲು ನೆನಪಾದದ್ದು ನೀನೇ ಎಂದರು. "ಆದರೆ ಅವತ್ತು ಚಹಾ ಕುಡಿಯುವಾಗ ನಿನ್ನೂರು ಹೇಗಿದೆ ಅಂತ ಕೇಳಿದ್ದೆನಲ್ಲ, ನೀನೇ ಬೇಡ ಅನ್ನೋ ಹಾಗೆ ಮಾತಾಡಿದೆ."

ನನಗೆ ನೆನಪಿತ್ತು. "ನಮ್ಮೂರಲ್ಲಿ ಏನಿದೆ ಸರ್, ಬರೀ ಬಿಸಿಲು, ಧೂಳು," ಎಂದಿದ್ದೆ. ನಮ್ಮ ಕಡೆ ಮನೆಗೆ ಬಂದವರ ಮುಂದೆ ಯಾರು ತಮ್ಮದನ್ನು ಹೊಗಳಿಕೊಳ್ಳುತ್ತಾರೆ? ಹೋಳಿಗೆ ಬಡಿಸಿಯೂ ಏನೂ ಮಾಡಿಲ್ಲ ಎನ್ನುವ ಜನ ನಾವು. ಇನ್ನು ಅಲ್ಲಿ ಸದ್ಯಕ್ಕೆ ಬೇರೆ ಜಾಗವಿಲ್ಲ ಎಂದು ಹೇಳಿ ಮ್ಯಾನೇಜರು ಮೀನಿನ ಕಡೆ ಹೋದರು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಪ್ರಸಾದ ಹತ್ತಿರ ಬಂದು, ನಿಜಕ್ಕೂ ಅಷ್ಟು ಕೆಟ್ಟ ಊರೇ ಎಂದು ಕೇಳಿದ. ಆಗ ಶುರುಮಾಡಿದೆ. ಚಳಿಗಾಲದ ಹೊಲದಲ್ಲಿ ಸುಟ್ಟು ತಿನ್ನುವ ಎಳೆಜೋಳದ ಸೀತನಿ, ಮಳಖೇಡದ ಕೋಟೆಯ ಮೇಲಿನಿಂದ ಕಾಣುವ ಕಾಗಿಣಾ ಹೊಳೆ, ಕೇಳದೆಯೇ ಮಜ್ಜಿಗೆ ತಂದುಕೊಡುವ ಪಕ್ಕದ ಮನೆಯವರು. ಜನ್ಮದಲ್ಲಿ ಊರನ್ನು ಅಷ್ಟು ಹೊಗಳಿರಲಿಲ್ಲ. ಅವನ ಮುಖ ಅರಳಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಮಹಾದೇವಿಯ ಫೋನ್ ಬಂತು. ನಡೆದದ್ದನ್ನು ಹೇಳಿದೆ.

"ಮನಿಗಿ ಬಂದ ಮಂದಿಗಿ ಅನ್ನೂ ಮಾತು ಸಾಹೇಬ್ರ ಮುಂದ ಯಾಕ ಅಂದ್ರಿ?" ಎಂದಳು. ಅವಳು ಅಳುತ್ತಿರುವುದು ಗೊತ್ತಾಗುತ್ತಿತ್ತು. ಮೂಗೆಳೆದುಕೊಂಡು, "ಇರ್ಲಿ ಬಿಡ್ರಿ. ಆ ಮನುಷ್ಯಾಗ ಒಂದ್ ದಿನ ಊಟಕ್ಕ ಬರ್ರಿ ಅಂತ ಹೇಳ್ರಿ. ಪಾಪ, ಹೊಸಾ ಊರು. ಭಾಳ ಬ್ಯಾಸರ ಆಗ್ತದ," ಎಂದಳು.

ಪ್ರಸಾದನ ಮೊಬೈಲಿನಲ್ಲಿ ನನ್ನ ಮನೆಯ ವಿಳಾಸ ಬರೆದುಕೊಟ್ಟೆ. ಬಾಗಿಲ ಮುಂದಿನ ಕಲ್ಲು ಅಲುಗಾಡುತ್ತದೆ, ನೋಡಿ ಕಾಲಿಡು ಎಂದೆ. ಆಮೇಲೆ ಎಲ್ಲರ ಜೊತೆ ನಿಂತು ಅವನ ಸಮುದ್ರ ನೋಡಿದೆ.